ಗೋರಿಯಲ್ಲಿ ಮೂರನೆಯ ಜಾಗ

ಮೇ 10, ಶನಿವಾರ

ಇವತ್ತು ನನ್ನ ಹೆಸರನ್ನು ಗೋರಿಕಲ್ಲಿನ ಮೇಲೆ ಕೆತ್ತಲು ಹೇಳಿ ಬಂದೆ. ಗಂಡ ಫಿಂಟನ್‌ನ ಹೆಸರಿನ ಕೆಳಗೆ ನನ್ನ ಹೆಸರು, ಹುಟ್ಟಿದ ವರ್ಷ, ಒಂದು ಗೆರೆ. ಗೆರೆಯ ಮುಂದೆ ಖಾಲಿ.

ಕಲ್ಲುಕುಟಿಗ ಪೀಡರ್ ಮನ್ನಿಯನ್ ಉಳಿ ಕೆಳಗಿಟ್ಟು ನನ್ನನ್ನೇ ನೋಡಿದ.

"ನಿಮಗೀಗ ಎಷ್ಟು ವಯಸ್ಸು, ಡಿಂಪ್ನಾ?"

"ನಲವತ್ತಾರು."

"ನಿಮ್ಮಜ್ಜಿ ತೊಂಬತ್ತಾರು ವರ್ಷ ಇದ್ರು. ಐವತ್ತು ವರ್ಷ ಆ ಗೆರೆ ಬಾಯಿ ಬಿಟ್ಕೊಂಡು ಕಾಯ್ಬೇಕಾಗುತ್ತೆ. ಪಾಚಿ ಹಿಡಿಯುತ್ತೆ ಅಷ್ಟೇ."

"ಹಿಡೀಲಿ ಬಿಡು."

ಅತ್ತೆ ಜೊತೆಯಲ್ಲಿದ್ದರು. ಅಟ್ರಾಕ್ಟಾ ಗಿಲ್‌ಹೂಲಿ, ಫಿಂಟನ್‌ನ ತಾಯಿ. ಆ ಹೊತ್ತಿಗೆ ಅವರು ಅಂಗಳದಲ್ಲಿದ್ದ ಬಿಳಿಕಲ್ಲಿನ ದೇವದೂತನೊಬ್ಬನ ಕುತ್ತಿಗೆಯನ್ನು ಮುಟ್ಟಿ ನೋಡುತ್ತಾ "ಇವನಿಗೆ ಗಳಗಂಡ ಆಗಿದೆ" ಎನ್ನುತ್ತಿದ್ದರು. ನನ್ನ ಮಾತು ಕೇಳಿ ತಿರುಗಿದರು. ಏನೂ ಅನ್ನಲಿಲ್ಲ. ಅತ್ತೆ ಏನೂ ಅನ್ನದೆ ಇರುವುದು ಈ ಊರಿನಲ್ಲಿ ಸ್ಥಳೀಯ ರೇಡಿಯೋದಲ್ಲಿ ಬರಬೇಕಾದ ಸುದ್ದಿ.

ಫಿಂಟನ್ ಹೋದದ್ದು ಕಳೆದ ಸೆಪ್ಟೆಂಬರಿನಲ್ಲಿ. ಜುಲೈ ಕೊನೆಯ ಸಮಾಧಿ ಭಾನುವಾರದೊಳಗೆ ಕಲ್ಲು ನಿಲ್ಲಬೇಕು. ಅಂದು ಊರಿಗೆ ಊರೇ ತಮ್ಮತಮ್ಮ ಗೋರಿಯ ಪಕ್ಕ ನಿಂತಿರುತ್ತದೆ. ಫಾದರ್ ಪವಿತ್ರ ಜಲ ಚಿಮುಕಿಸುತ್ತಾ ಬರುತ್ತಾರೆ. ಕಲ್ಲಿಲ್ಲದ ಗೋರಿ ಮುಂದಿನ ಹಲ್ಲಿಲ್ಲದ ಬಾಯಿಯಂತೆ. ಎಲ್ಲರೂ ನೋಡದವರಂತೆ ನೋಡುತ್ತಾರೆ. ಹಲ್ಲಿನ ವೈದ್ಯರ ಬಳಿ ಕೆಲಸ ಮಾಡುವ ನನಗೆ ಆ ನೋಟ ಚೆನ್ನಾಗಿ ಗೊತ್ತು.

ನಮ್ಮದು ಮೂವರ ಗೋರಿ. ತಳದಲ್ಲಿ ಮಾವ ಬಾರ್ಟ್ಲಿ. ಅವರ ಮೇಲೆ ಫಿಂಟನ್. ಇನ್ನು ಒಬ್ಬರಿಗೆ ಜಾಗ. ನನ್ನ ಬದುಕೂ ಒಂದು ರೀತಿ ಮುಗಿದಂತೆಯೇ. ವಿಳಾಸವನ್ನಾದರೂ ಈಗಲೇ ಬರೆಸಿಬಿಡುವುದು ವಾಸಿ.

ಫಿಂಟನ್‌ನ ಹೆಸರಿನ ಜೊತೆ ಏನು ಬರೆಸಬೇಕೆಂದು ಪೀಡರ್ ಕೇಳಿದ. ಜುಲೈ ಹದಿನಾಲ್ಕರವರೆಗೆ ಸಮಯ ಕೊಟ್ಟಿದ್ದಾನೆ.

ಊಟ: ಸುಟ್ಟ ಬ್ರೆಡ್ಡು ಒಂದು ತುಂಡು, ನಿಂತುಕೊಂಡೇ.

ಮೇ 18, ಭಾನುವಾರ

ಪೂಜೆ ಮುಗಿದ ಮೇಲೆ ಅತ್ತೆ ಮನೆಗೆ ಹೋಗುವ ಬದಲು ನನ್ನ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡರು.

"ನಡಿ. ಹಳೇ ಚರ್ಚುಗಳನ್ನ ನೋಡ್ಕೊಂಡು ಬರೋಣ. ಸತ್ತೋರೆಲ್ಲ ಏನೇನು ಬರೆಸ್ಕೊಂಡಿದಾರೆ ಅಂತ ನೋಡಿದ್ರೆ ಫಿಂಟನ್‌ಗೂ ಏನಾದ್ರೂ ಹೊಳೆಯುತ್ತೆ."

ಸರೋವರದ ದಂಡೆಯ ಹಾಳು ಮಠಕ್ಕೆ ಹೋದೆವು. ಛಾವಣಿ ಹೋಗಿ ನಾನೂರು ವರ್ಷ. ಒಳಗೆಲ್ಲ ಗೋರಿಗಳು, ಗೋಡೆಯ ಮೇಲೆ ಕಾಗೆಗಳ ಪಂಚಾಯಿತಿ. ಫಿಂಟನ್‌ನ ಕೋಟು ಹಾಕಿಕೊಂಡು ಹೋಗಿದ್ದೆ. ತೋಳು ಉದ್ದ, ಗಿಡಗಳಿಗೆಲ್ಲ ಸಿಕ್ಕಿಕೊಂಡಿತು.

ಒಂದು ಕಲ್ಲಿನ ಮೇಲೆ ದಪ್ಪಕ್ಷರದಲ್ಲಿ, ಈ ಕಲ್ಲನ್ನು ಬಾಸ್ಟನ್ ನಗರದ ಜೇಮ್ಸ್ ತನ್ನ ತಂದೆಯ ನೆನಪಿಗೆ ಹಾಕಿಸಿದನು ಎಂದಿತ್ತು.

"ಜೇಮ್ಸ್ ಯಾರು ಅಂತ ಲೋಕಕ್ಕೆಲ್ಲ ಗೊತ್ತಾಯ್ತು," ಅತ್ತೆ ಅಂದರು. "ಅಪ್ಪನ ಹೆಸರು ಹುಲ್ಲೊಳಗೆ ಹೋಗಿದೆ. ನನಗೆ ಬಗ್ಗೋಕಾಗಲ್ಲ, ನೀನು ನೋಡು."

ಬಗ್ಗಿ ಹುಲ್ಲು ಸರಿಸಿದೆ. ಡೊಮಿನಿಕ್.

"ಪಾಪ, ಡೊಮಿನಿಕ್," ಎಂದರು ಅತ್ತೆ, ನೆರೆಮನೆಯವನಿಗೆ ಹೇಳುವಂತೆ.

ಫಿಂಟನ್‌ನಂಥವನಿಗೆ ಏನು ಬರೆಸುವುದು? ದನಗಳಿಗೆ ಕೃತಕ ಗರ್ಭಧಾರಣೆ ಮಾಡುವುದು ಅವನ ಕೆಲಸವಾಗಿತ್ತು. ಇಪ್ಪತ್ತೆರಡು ವರ್ಷ ಕಾರಿನ ಹಿಂಬದಿಯಲ್ಲಿ ಹೆಪ್ಪುಗಟ್ಟಿದ ಹೋರಿಗಳನ್ನು ಹೊತ್ತು ತಿರುಗಿದ.

"ತಾಲೂಕಿನ ಅರ್ಧ ಕರುಗಳಿಗೆ ಕಾರಣಕರ್ತ ಅಂತ ಬರೆಸಿದ್ರೆ?" ಅತ್ತೆ ಕೇಳಿದರು.

"ಫಾದರ್ ಏನಂತಾರೆ?"

"ಎರಡು ಚಿಮುಕು ನೀರು ಜಾಸ್ತಿ ಹಾಕ್ತಾರೆ."

ನಾನು ನಕ್ಕೆನೆಂದು ಬರೆಯುವುದು ಸರಿಯೋ ಇಲ್ಲವೋ. ಅದು ಕೆಮ್ಮೂ ಆಗಿರಬಹುದು.

ಮೇ 25, ಭಾನುವಾರ

ಇವತ್ತು ಜಮೀನ್ದಾರರ ಬಂಗಲೆಯ ಹಿಂದಿನ ಪ್ರಾಟೆಸ್ಟೆಂಟ್ ಚರ್ಚು. ಒಳಗೆ ಗೋಡೆಯ ತುಂಬಾ ಕರ್ನಲ್‌ಗಳ ಹೆಸರು; ಒಬ್ಬನೂ ಹಾಸಿಗೆಯಲ್ಲಿ ಸತ್ತಿಲ್ಲ. ಅತ್ತೆ ತಲೆಯೆತ್ತಿ ಮೇಲೆ ನೋಡಿದರು.

"ನೋಡಿದ್ಯಾ, ಒಂದು ಹನಿ ಸೋರಲ್ಲ. ಛಾವಣಿ ಅವರಿಗೆ ಉಳೀತು, ಗೋಡೆ ನಮಗೆ ಉಳೀತು."

ಹೊರಗಿನ ಗೋರಿಗಳಲ್ಲಿ ಅರ್ಧಕ್ಕರ್ಧ ನಮ್ಮ ಕ್ಯಾಥೊಲಿಕರದೇ. ಹಳೇ ಕಾಲದಲ್ಲಿ ಮಣ್ಣು ಎಲ್ಲರಿಗೂ ಅದೇ ಆಗಿತ್ತು. ನಾನು ಬರಹಗಳನ್ನು ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದೆ. ಅತ್ತೆ ಒಂದನ್ನೂ ಓದಲಿಲ್ಲ. ಊರುಗೋಲಿನಿಂದ ನೆಲ ಕುಟ್ಟುತ್ತಾ ಒಂದು ಗೋರಿಯಿಂದ ಇನ್ನೊಂದಕ್ಕೆ ಹೆಜ್ಜೆ ಎಣಿಸಿದರು. ಚರ್ಚಿನ ಮೇಲ್ವಿಚಾರಕನನ್ನು ಕೇಳಿದರು: "ಇಲ್ಲಿ ಮಣ್ಣು ಒಣಗಿರುತ್ತಾ? ಹೊಸಬರನ್ನ ಸೇರಿಸ್ಕೊತೀರಾ?"

"ಇಲ್ಲಿ ಹಕ್ಕಿರೋ ಮನೆತನದವರಿಗೆ ಮಾತ್ರ, ಅಮ್ಮಾ. ಯಾರಿಗೆ?"

"ಯಾರಿಗೋ. ಸುಮ್ನೆ ಕೇಳ್ದೆ."

ವಯಸ್ಸಾದವರಿಗೆ ಇಂಥ ಕುತೂಹಲ ಸಹಜ. ಮನೆಗೆ ಬಂದು ಮೊಟ್ಟೆ ಬೇಯಿಸಿಕೊಂಡೆ.

ಜೂನ್ 1, ಭಾನುವಾರ

ಕಿಲ್‌ಕೋರನ್. ಅತ್ತೆಯ ತವರಿನವರಾದ ಟ್ಯಾನ್ಸಿಗಳನ್ನು ಹೂಳುತ್ತಿದ್ದ ಹಾಳುಚರ್ಚು. ಐವಿ ಬಳ್ಳಿಯೇ ಹಿಡಿದು ನಿಲ್ಲಿಸಿರುವ ಎರಡು ತ್ರಿಕೋನ ಗೋಡೆಗಳು, ಸುತ್ತಲೂ ಎದೆಮಟ್ಟದ ತುರಿಕೆಸೊಪ್ಪು. ಬಾಗಿಲಿಗೆ ಬೀಗ. ಕೀಲಿ ಬೇಬಿ ಡೆವನಿಯ ಅಡುಗೆಮನೆಯಲ್ಲಿ ತೂಗುತ್ತದೆ. ಬೇಬಿಗೆ ತೊಂಬತ್ತು ವರ್ಷ.

"ಟ್ಯಾನ್ಸಿಗೆ ಕೀಲಿ ಕೊಟ್ಟೆ ಅಂತ ಗೊತ್ತಾದ್ರೆ ನಮ್ಮಪ್ಪ ಗೋರಿಯಲ್ಲೇ ಮಗ್ಗಲು ಬದಲಾಯಿಸ್ತಾನೆ," ಎಂದಳು ಬೇಬಿ.

"ಬದಲಾಯಿಸ್ಲಿ. ಒಂದೇ ಮಗ್ಗಲಲ್ಲಿ ಮಲಗಿ ಬೆನ್ನು ನೋವು ಬಂದಿರುತ್ತೆ," ಎಂದರು ಅತ್ತೆ.

ಎರಡು ಮನೆತನಗಳಿಗೂ ಒಂದು ಬಾವಿಯ ದಾರಿಯ ವಿಷಯಕ್ಕೆ ಮಾತು ಬಿಟ್ಟು ಹೋಗಿತ್ತಂತೆ. ಬಾವಿ ಬತ್ತಿ ಎಪ್ಪತ್ತು ವರ್ಷ.

ಉತ್ತರದ ಬದಿ, ಕಿಟಕಿಯಿಂದ ಮೂರನೇ ಕಲ್ಲು. ಅತ್ತೆ ಚಿಕ್ಕವರಿದ್ದಾಗ ಅವರಪ್ಪ ತೋರಿಸಿದ್ದರಂತೆ. ಕಲ್ಲು ಸಿಕ್ಕಿತು, ಅಕ್ಷರ ಕಾಣುವುದಿಲ್ಲ. ಬಳ್ಳಿ ಬಿಡಿಸಿದೆವು. ತಂತಿಯ ಬ್ರಷ್ಷಿನಿಂದ ಉಜ್ಜಿದರೆ ಹಳೇ ಕಲ್ಲು ಹಾಳಾಗುತ್ತದೆ. ಮುಂದಿನ ವಾರ ಕ್ಲಿನಿಕ್ಕಿನಿಂದ ಮೆದು ಹಲ್ಲುಜ್ಜುವ ಬ್ರಷ್ಷು ತರುತ್ತೇನೆ ಎಂದೆ.

ನಾವು ಫಿಂಟನ್‌ಗೆ ಮಾತು ಹುಡುಕಲು ಬಂದವರಲ್ಲವೇ ಎಂದು ಕಾರಿನಲ್ಲಿ ಜ್ಞಾಪಿಸಿದೆ.

"ಅದೂ ಆಗುತ್ತೆ," ಎಂದರು ಅತ್ತೆ.

ಜೂನ್ 15, ಭಾನುವಾರ

ಹೋದ ವಾರ ಬರೆಯಲಾಗಲಿಲ್ಲ. ಕ್ಲಿನಿಕ್ಕಿನ ಮೇವ್ ತನ್ನ ಜೊತೆ ಸರೋವರಕ್ಕೆ ಈಜಲು ಬಾ ಎಂದು ಎಳೆದುಕೊಂಡು ಹೋದಳು. ನೀರು ಎಷ್ಟು ತಣ್ಣಗಿತ್ತೆಂದರೆ ನನಗೇ ಗೊತ್ತಿಲ್ಲದ ಬೈಗುಳಗಳು ಬಂದವು. ಮತ್ತೆ ಗುರುವಾರವೂ ಹೋದೆ, ಬೈಗುಳ ಸಾಕಾಗಿರಲಿಲ್ಲವೆಂದು.

ಕಿಲ್‌ಕೋರನ್‌ಗೆ ಇದು ಮೂರನೇ ಭಾನುವಾರ. ಹೊಸ ಬೂಟು ಕೊಂಡಿದ್ದೇನೆ; ಕೋಟು ಕೆಲಸಕ್ಕೆ ಅಡ್ಡ ಬರುತ್ತದೆಂದು ಮನೆಯಲ್ಲೇ ಬಿಟ್ಟೆ. ನಾನು ಮಂಡಿಯೂರಿ ಕಲ್ಲನ್ನು ಉಜ್ಜುವುದು, ಅತ್ತೆ ಮಡಚುಕುರ್ಚಿಯಲ್ಲಿ ಕೂತು ತಮ್ಮ ಪೂರ್ವಿಕರಿಗೆ ಜಪಮಾಲೆ ಎಣಿಸುವುದು. ನಡುನಡುವೆ ನನಗೆ ಅಪ್ಪಣೆ.

"ಹೇ ಮರಿಯಮ್ಮಾ, ಕೃಪಾಪೂರ್ಣಳೇ... ಆ ಮೂಲೆ ಬಿಟ್ಬಿಟ್ಟೆ ಕಣೇ... ಕರ್ತನು ನಿನ್ನೊಡನಿದ್ದಾನೆ..."

"ಅದು ದವಡೆಹಲ್ಲಿದ್ದ ಹಾಗೆ ಅತ್ತೆ, ನಿಧಾನಕ್ಕೆ ಬರುತ್ತೆ."

ಮಧ್ಯಾಹ್ನ ಕೂತು ಹಂದಿಮಾಂಸದ ಸ್ಯಾಂಡ್‌ವಿಚ್ ತಿಂದೆವು. ನಾನು ನಾಲ್ಕು ತಿಂದೆ. ಅತ್ತೆ ಎಣಿಸುತ್ತಿದ್ದರೆಂದು ಕಾಣುತ್ತದೆ, ಐದನೆಯದನ್ನೂ ನನ್ನ ಕಡೆ ತಳ್ಳಿದರು.

ಜೂನ್ 22, ಭಾನುವಾರ

ಘೋರವಾಯಿತು.

ಸಂಜೆಯ ಓರೆ ಬಿಸಿಲನ್ನು ಕನ್ನಡಿಯಿಂದ ಕಲ್ಲಿನ ಮೇಲೆ ಅಡ್ಡಲಾಗಿ ಬೀಳಿಸಿದರೆ ಸವೆದ ಅಕ್ಷರವೂ ಎದ್ದು ಕಾಣುತ್ತದೆ. ಬಾಯೊಳಗೆ ನೋಡುವ ನಮ್ಮ ಪುಟ್ಟ ಕನ್ನಡಿಯನ್ನು ಒಯ್ದಿದ್ದೆ. ಅತ್ತೆ ಜಪಮಾಲೆ ಹಿಡಿದು ಕಾದರು. ಬೇಬಿಯೂ ತನ್ನ ಕೋಲಿನೊಡನೆ ಬಂದು ನಿಂತಿದ್ದಳು. ನಾನು ಒಂದೊಂದೇ ಅಕ್ಷರ ಓದಿದೆ. ಮೊದಲನೆಯದು ಟ್ಯಾನ್ಸಿಯ ಅಕ್ಷರವಾಗಿರಲಿಲ್ಲ. ಎರಡನೆಯದೂ.

ಡೆವನಿ.

ಬೇಬಿ ಕೋಲು ಎತ್ತಿ ಇನ್ನೊಂದು ತ್ರಿಕೋನ ಗೋಡೆಯನ್ನು ತೋರಿಸಿದಳು.

"ನಿಮ್ಮಪ್ಪ ಹೇಳಿದ್ದು ಆ ಕಿಟಕಿಯಿಂದ ಮೂರನೇದು. ನೀನು ಈ ಕಡೆಯಿಂದ ಎಣಿಸಿದ್ದೀಯ. ಇದು ನಮ್ಮ ಮುತ್ತಾತ."

"ಮೊದಲೇ ಹೇಳೋಕೆ ಏನಾಗಿತ್ತು ನಿನಗೆ?"

"ಅಷ್ಟು ಚೆನ್ನಾಗಿ ಉಜ್ಜುತ್ತಿದ್ರಿ. ನಡುವೆ ಯಾಕೆ ತಡೀಲಿ ಅಂತ."

"ನಾಲ್ಕು ಭಾನುವಾರ!" ಅತ್ತೆ ಜಪಮಾಲೆ ಎತ್ತಿ ಅಲ್ಲಾಡಿಸಿದರು. "ನಾಲ್ಕು ಭಾನುವಾರ ಡೆವನಿಗಳಿಗೆ ಜಪ ಮಾಡಿದೀನಿ! ಆ ಪ್ರಾರ್ಥನೆ ವಾಪಸ್ ತಗೊಳ್ಳೋಕಾಗುತ್ತಾ?"

"ಕೊಟ್ಟಿದ್ದು ಕೊಟ್ಟಾಯ್ತು. ಮುತ್ತಾತ ಈಗಾಗ್ಲೇ ಮೇಲಕ್ಕೆ ಹೊರಟಿರ್ತಾನೆ."

ನಾನು ಕಲ್ಲಿನ ಮೇಲೆ ಹಣೆಯಿಟ್ಟು ನಕ್ಕೆ. ಹೊಟ್ಟೆ ಹಿಡಿದುಕೊಂಡು ನಕ್ಕೆ. ಇದು ಕೆಮ್ಮಲ್ಲ. ತಲೆ ಎತ್ತಿದಾಗ ಅತ್ತೆ ನಗುತ್ತಿರಲಿಲ್ಲ. ಆಚೆಯ ಗೋಡೆಯ ಕಡೆ ನಡೆಯುತ್ತಿದ್ದರು. ಟ್ಯಾನ್ಸಿಗಳ ಗೋರಿ ಅಲ್ಲಿದೆ. ಅದರ ನಡುವಿನಿಂದ ದೊಡ್ಡ ಸೈಕಮೋರ್ ಮರವೊಂದು ಬೆಳೆದಿದೆ. ಬೇರುಗಳ ನಡುವೆ ಒಂದು ಬೆಕ್ಕನ್ನೂ ಹೂಳಲಾಗದು.

"ಜಾಗ ಬೇಕಿದ್ರೆ ನಮ್ಮಲ್ಲಿದೆ ಕಣೇ," ಬೇಬಿ ಮೆತ್ತಗೆ ಹೇಳಿದಳು. "ಬಾ ನಮ್ಮ ಜೊತೆ."

"ಡೆವನಿಗಳ ಮಧ್ಯೆಯಾ? ಸತ್ತೋರು ಏಳೋ ಕಡೇ ದಿನ ತುತ್ತೂರಿ ಊದಿದಾಗ ಎದ್ದು ಮೊದಲು ನಿನ್ನ ಮುಖ ನೋಡಲಾ?"

ಜಾಗ ಬೇಕಿದ್ದರೆ ಎಂದಳಲ್ಲ ಬೇಬಿ, ಯಾರಿಗೆ ಜಾಗ?

ಜೂನ್ 26, ಗುರುವಾರ

ಬೇಬಿ ಡೆವನಿ ಹಲ್ಲಿನ ಸೆಟ್ಟು ಸರಿಮಾಡಿಸಲು ಬಂದಿದ್ದಳು. ಸೆಟ್ಟು ಕೈಯಲ್ಲಿ ಹಿಡಿದುಕೊಂಡೇ ಎಲ್ಲ ಹೇಳಿದಳು.

"ನಿಮ್ಮನೆ ಗೋರಿಯ ಕಡೇ ಜಾಗ ಅವಳದೇ ಅಂದ್ಕೊಂಡಿದ್ದಳು ಕಣಮ್ಮ. ಬಾರ್ಟ್ಲಿ ಸತ್ತಾಗಿನಿಂದ. ನೀನು ಹೋಗಿ ಕಲ್ಲುಕುಟಿಗನ ಹತ್ರ ನಿನ್ನ ಹೆಸರು ಹಾಕ್ಸಿದ್ಯಂತೆ."

"ನನಗೊಂದು ಮಾತು ಹೇಳಬಹುದಿತ್ತಲ್ಲ!"

"ಹೆಂಡತಿ ಹಕ್ಕು ಮೊದಲು ಅಂತಾಳೆ. ಆದರೆ ಒಂದು ಮಾತು ಅಂದಳು. ತಾನು ಮೇಲಿದ್ದಿದ್ರೆ ಮಳೆ ಮೊದಲು ತನಗೆ ತಾಗ್ತಿತ್ತು, ಆಮೇಲೆ ಮಗನಿಗೆ, ಅಂತ."

ಡಾಕ್ಟರು ಕರೆದರು. ನಾನು ಬೇಬಿಯ ಸೆಟ್ಟನ್ನು ತೆಗೆದುಕೊಂಡು ಒಳಗೆ ಹೋಗಿ, ನಲ್ಲಿಯ ಕೆಳಗೆ ತೊಳೆದೆ, ಮತ್ತೆ ತೊಳೆದೆ. ಒಂಬತ್ತು ತಿಂಗಳು ಊರಿನಲ್ಲಿ ದುಃಖ ನನ್ನೊಬ್ಬಳದೇ ಎನ್ನುವಂತೆ ನಡೆದುಕೊಂಡೆನೇ? ನಡೆದುಕೊಂಡೆ.

ಜೂನ್ 28, ಶನಿವಾರ

ಪೀಡರ್‌ನ ಬಳಿ ಹೋಗಿ ನನ್ನ ಹೆಸರು ತೆಗೆ, ಅತ್ತೆಯದು ಹಾಕು ಎಂದು ಹೇಳಿಬಿಟ್ಟರೆ ಆಯಿತು ಎಂದುಕೊಂಡು ಹೋದೆ. ತ್ಯಾಗಮಾಡುವ ಗಾಂಭೀರ್ಯ ಮುಖದಲ್ಲಿತ್ತು.

ಪೀಡರ್ ಕಾಗದದ ಮೇಲೆ ಕಲ್ಲಿನ ನಕ್ಷೆ ಬರೆದಿಟ್ಟಿದ್ದ. ನನ್ನ ಹೆಸರು, ವರ್ಷ, ಗೆರೆ. ಗೆರೆಯ ಮುಂದಿನ ಖಾಲಿ ಜಾಗ ಎರಡು ಅಂಗುಲ. ನೋಡುತ್ತಾ ನಿಂತೆ. ಮೊದಲು ಅನ್ನಿಸಿದ್ದು, ಎರಡು ಅಂಗುಲ ತೀರ ಕಡಿಮೆ ಎಂದು. ಎರಡನೆಯದು, ಗಾಂಭೀರ್ಯವೆಲ್ಲ ಸುಳ್ಳು. ಇದು ತ್ಯಾಗವಲ್ಲ. ನನಗೆ ಆ ಜಾಗ ಬೇಡ.

ಫಿಂಟನ್ ಬೇಡವೆಂದಲ್ಲ. ಅವನು ಬೇಕು, ಈಗಲೂ. ಆದರೆ ಅಲ್ಲಿ ಮಲಗಿರುವುದನ್ನು ಯೋಚಿಸಿದರೆ, ಗುರುವಾರ ಈಜಲು ಯಾರು ಹೋಗುತ್ತಾರೆ ಎಂಬ ಮೂರ್ಖ ಪ್ರಶ್ನೆ ಬರುತ್ತದೆ.

"ಕೆತ್ತೋಕೆ ಶುರು ಮಾಡ್ಲಾ?" ಪೀಡರ್ ಕೇಳಿದ.

"ಒಂದು ವಾರ ತಡಿ."

ಅತ್ತೆಗೆ ತ್ಯಾಗವೆಂದೇ ಹೇಳಿಬಿಡಬಹುದು. ಕೇಳಲು ಚೆಂದ. ಆದರೆ ಜೀವಮಾನವೆಲ್ಲ ಅವರು ಕೃತಜ್ಞರಾಗಿರಬೇಕಾಗುತ್ತದೆ, ಅದೂ ಸುಳ್ಳಿಗೆ. ನಿಜ ಹೇಳಿದರೆ ಅವರ ಮಗನನ್ನು ಬೇಡವೆಂದಂತೆ ಕೇಳಿಸುತ್ತದೆ.

ಜುಲೈ 6, ಭಾನುವಾರ

ಹೇಳಿದೆ. ಇನ್ನೊಂದು ಹಾಳು ಚರ್ಚಿನ ಬಾಗಿಲಲ್ಲಿ, ಮಳೆಗೆ ಇಬ್ಬರೂ ಕಮಾನಿನ ಕೆಳಗೆ ನಿಂತಾಗ. ಅಲ್ಲಿಯೂ ಅತ್ತೆ ಜಾಗ ವಿಚಾರಿಸಿ, ಇಲ್ಲವೆನಿಸಿಕೊಂಡಿದ್ದರು.

"ಅತ್ತೆ, ಸಾಕು. ಮೂರನೇ ಜಾಗ ನಿಮ್ಮದು."

"ಆ ಬೇಬಿ ಬಾಯಿಗೆ ಹಲ್ಲು ಹಾಕ್ಬಾರದಿತ್ತು ನೀವು." ಆಮೇಲೆ, "ಹೆಂಡತಿ ನೀನು. ನಿನ್ನ ಜಾಗ ನಾನು ಕಸ್ಕೊಳ್ಳಲ್ಲ. ನಿನ್ನ ದಾನ ನನಗೆ ಬೇಡ."

"ದಾನ ಅಲ್ಲ. ನನಗೆ ಅದು ಬೇಡ."

"ಏನು ಬೇಡ?"

"ಆ ಜಾಗ. ನನ್ನ ಹೆಸರು ಅಲ್ಲಿರೋದು. ಮೇ ತಿಂಗಳಲ್ಲಿ ಬೇಕಿತ್ತು. ಈಗ ಬೇಡ."

ಅತ್ತೆಯ ಮುಖ ಗಟ್ಟಿಯಾಯಿತು.

"ಬೇರೆ ಯಾರಾದ್ರೂ ಇದಾನಾ?"

"ಯಾರೂ ಇಲ್ಲ."

"ಯಾರೂ ಇಲ್ದೇನೇ ನನ್ನ ಮಗ ಬೇಡ ಆದ್ನಾ?"

ಮನೆಯವರೆಗೆ ಬಿಟ್ಟೆ. ಬಾಗಿಲು ಜೋರಾಗಿ ಹಾಕಿಕೊಳ್ಳಲಿಲ್ಲ, ಮೆಲ್ಲಗೆ ಹಾಕಿಕೊಂಡರು. ಜೋರಾಗಿ ಹಾಕಿದ್ದರೆ ಚೆನ್ನಾಗಿತ್ತು.

ಜುಲೈ 8, ಮಂಗಳವಾರ

ಫೋನು ಎತ್ತುತ್ತಿಲ್ಲ.

ಜುಲೈ 10, ಗುರುವಾರ

ಅವರ ಮನೆಯ ಮುಂದೆ ಕಾರು ನಿಲ್ಲಿಸಿದೆ. ಕಿಟಕಿಯ ಪರದೆ ಸ್ವಲ್ಪ ಅಲ್ಲಾಡಿತು. ಆಮೇಲೆ ಅಲ್ಲಾಡಲಿಲ್ಲ. ಈಜಲು ಹೋಗಲಿಲ್ಲ.

ಜುಲೈ 13, ಭಾನುವಾರ

ಪೂಜೆಯಲ್ಲಿ ಅತ್ತೆ ಬೇರೆ ಬೆಂಚಿನಲ್ಲಿ ಕೂತರು. ಊರೆಲ್ಲ ನೋಡಿತು. ಹೊರಗೆ ಬಂದು ಕಾರಿನ ಬಾಗಿಲು ತೆಗೆದರೆ ಒಳಗೆ ಬೆಲ್ಟು ಹಾಕಿಕೊಂಡು ಕೂತಿದ್ದಾರೆ! ಕಾರಿಗೆ ಬೀಗ ಹಾಕದಿರುವ ನನ್ನ ಕೆಟ್ಟ ಅಭ್ಯಾಸ.

"ಎಲ್ಲಿಗೆ?" ಎಂದೆ.

"ಎಲ್ಲಿಗೂ ಬೇಡ. ಹಾಳುಚರ್ಚು ನೋಡಿ ನೋಡಿ ಮಂಡಿ ಸವೆದಿದೆ. ಇಲ್ಲೇ ಕೂತ್ಕೋ."

ಕೂತೆ. ಜನ ಕಿಟಕಿಯ ಪಕ್ಕದಲ್ಲೇ ಹಾದು ಹೋಗುತ್ತಿದ್ದರು. ಅತ್ತೆ ಎಲ್ಲರಿಗೂ ರಾಣಿಯಂತೆ ತಲೆಯಾಡಿಸುತ್ತಾ, ತುಟಿ ಅಲ್ಲಾಡಿಸದೆ ಮಾತಾಡಿದರು.

"ನೀನು ಬೇಡ ಅಂದಾಗ ನನಗೆ ಏನಾಯ್ತು ಗೊತ್ತಾ? ಖುಷಿ ಆಯ್ತು. ಅಯ್ಯೋ ಸದ್ಯ, ಅನ್ನಿಸ್ತು. ಅದಕ್ಕೇ ಕೋಪ ಬಂತು. ಸೊಸೆ ಬದುಕು ಕಳ್ಕೊಂಡು ಕೂತಾಗ ಗೋರಿಯ ಆಸೆ ಪಡೋ ಮುದುಕಿ ನಾನು."

"ನಾನು ನಿಮ್ಮನ್ನ ಕೇಳದೆ ಹೆಸರು ಹಾಕ್ಸಿದೆ."

"ಹೂಂ. ಅದೂ ಹೌದು. ಅದಕ್ಕಿನ್ನೂ ಬೈದಿಲ್ಲ, ಬೈತೀನಿ." ಸ್ವಲ್ಪ ತಡೆದು, "ನೀನೆಲ್ಲಿ ಹೋಗ್ತೀಯಾ ಹಾಗಾದ್ರೆ?"

"ಗೊತ್ತಿಲ್ಲ ಅತ್ತೆ."

"ನಲವತ್ತಾರಕ್ಕೆ ಗೊತ್ತಿಲ್ದಿದ್ರೆ ನಡೆಯುತ್ತೆ. ನನ್ನ ವಯಸ್ಸಿಗೆ ಗೊತ್ತಿರ್ಬೇಕು."

"ಪೀಡರ್‌ಗೆ ಇವತ್ತೇ ಹೇಳ್ತೀನಿ."

"ಹೇಳು. ಮತ್ತೆ ಫಿಂಟನ್‌ಗೆ ಮಾತು ಗೀತು ಏನೂ ಬೇಡ. ನೂರಾರು ಓದಿದ್ವಿ, ಎಲ್ಲಾ ಒಂದೇ ಥರ ಸುಳ್ಳು. ಹೆಸರು ಸಾಕು. ಮೂಲೆಯಲ್ಲಿ ಒಂದು ಕರು ಕೆತ್ತಲಿ."

ಜುಲೈ 27, ಸಮಾಧಿ ಭಾನುವಾರ

ಕಲ್ಲು ಶುಕ್ರವಾರ ನಿಂತಿತು. ಬಾರ್ಟ್ಲಿ, ಅವರ ಕೆಳಗೆ ಫಿಂಟನ್, ಅವನ ಕೆಳಗೆ ಅಟ್ರಾಕ್ಟಾ. ಪೀಡರ್‌ಗೆ ಅಕ್ಷರ ಬರುತ್ತದೆ, ಪ್ರಾಣಿಗಳು ಬರುವುದಿಲ್ಲ. ಕರು ನಾಯಿಯ ಹಾಗಿದೆ. ಬೆಳಿಗ್ಗೆಯಿಂದ ಹನ್ನೊಂದು ಮಂದಿ ಕೇಳಿದರು, ಫಿಂಟನ್ ಯಾವ ನಾಯಿ ಸಾಕಿದ್ದ ಎಂದು. ಅತ್ತೆ ಮೊದಲಿಗೆ ತಿದ್ದಿದರು, ಆಮೇಲೆ ಅದಕ್ಕೊಂದು ಹೆಸರನ್ನೂ ಹೇಳತೊಡಗಿದರು.

ಬಿಸಿಲಿತ್ತು. ಇಳಿಜಾರಿನ ತುಂಬಾ ಜನ ತಮ್ಮತಮ್ಮವರ ಪಕ್ಕ ನಿಂತಿದ್ದರು. ಮೇವ್ ದೂರದಿಂದ ಕೈಬೀಸಿದಳು. ಬರುವ ಶನಿವಾರದಿಂದ ಒಂದು ವಾರ ಮೇವ್, ಈಜಲು ಬರುವ ಇನ್ನೊಬ್ಬಳು, ನಾನು ಕೆರಿ ಜಿಲ್ಲೆಯ ಬೆಟ್ಟಗಳಲ್ಲಿ ನಡೆಯಲು ಹೋಗುತ್ತಿದ್ದೇವೆ. ಇದನ್ನು ಬರೆಯುವುದು ಮರೆತಿದ್ದೆ.

ಫಾದರ್ ಇನ್ನೂ ಆಚೆಯ ಸಾಲಿನಲ್ಲಿದ್ದರು. ನಾನು ಕಲ್ಲನ್ನು ನೋಡಿ, ಅತ್ತೆಯ ಹೆಸರಿನ ಮುಂದೆ ಹುಟ್ಟಿದ ವರ್ಷವೇ ಇಲ್ಲವೆಂದು ಗಮನಿಸಿದೆ. ಗೆರೆಯೂ ಇಲ್ಲ.

"ಪೀಡರ್ ಮರೆತಿದ್ದಾನೆ."

"ಮರೆತಿಲ್ಲ. ನಾನೇ ಬೇಡ ಅಂದೆ."

"ಯಾಕೆ?"

ಅತ್ತೆ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಪಕ್ಕದ ಗೋರಿಯ ಮನೆಯವರು ಕೇಳಿಸಿಕೊಳ್ಳಲು ಸಿದ್ಧರಾಗಿದ್ದರು. ನನ್ನ ತೋಳು ಹಿಡಿದು ಬಗ್ಗಿಸಿದರು.

"ಮದುವೆಯಾದಾಗ ಬಾರ್ಟ್ಲಿಗೆ ಹುಟ್ಟಿದ ವರ್ಷ ಸುಳ್ಳು ಹೇಳಿದ್ದೆ. ಅದೇ ನಡ್ಕೊಂಡು ಬಂತು. ಅವನಿಗೂ ಗೊತ್ತಿರಲಿಲ್ಲ, ಫಿಂಟನ್‌ಗೂ ಗೊತ್ತಿರಲಿಲ್ಲ. ಈಗ ಕಲ್ಲಿನ ಮೇಲೆ ಸುಳ್ಳು ಬರೆಸೋಕೆ ಧೈರ್ಯ ಇಲ್ಲ. ನಿಜ ಬರೆಸಿ ಈ ಜನದ ಮಧ್ಯೆ ನಿಲ್ಲೋಕೂ ಧೈರ್ಯ ಇಲ್ಲ."

"ಮತ್ತೆ?"

"ಮತ್ತೇನು. ನಿನಗೆ ಹೇಳ್ತೀನಿ. ನಾನು ಹೋದ ಮೇಲೆ ಎರಡೂ ವರ್ಷ ಒಟ್ಟಿಗೆ ಕೆತ್ಸು. ಅಲ್ಲಿವರೆಗೆ ನೀನು ಇರ್ಬೇಕಷ್ಟೇ, ಗಟ್ಟಿಮುಟ್ಟಾಗಿ. ಬೇಬಿಗೆ ಹೇಳಿದ್ರೆ ಕೊಂದುಹಾಕ್ತೀನಿ."

ಫಾದರ್ ನಮ್ಮ ಸಾಲಿಗೆ ತಿರುಗಿದರು. ಅತ್ತೆ ನನ್ನ ಕಿವಿಗೆ ಬಾಯಿಟ್ಟು ವರ್ಷ ಹೇಳಿದರು. ನಾನು ಬೆರಳಲ್ಲಿ ಎಣಿಸಿದೆ, ಇನ್ನೊಮ್ಮೆ ಎಣಿಸಿದೆ. ಹಾಗಾದರೆ ಮಾವ ಅತ್ತೆಗಿಂತ ಐದು ವರ್ಷ ಚಿಕ್ಕವರು! ನಗು ತಡೆಯಲಾಗದೆ ತಲೆ ತಗ್ಗಿಸಿದೆ. ನಾನು ಅಳುತ್ತಿದ್ದೇನೆಂದುಕೊಂಡು ಫಾದರ್ ನನ್ನ ಕಡೆ ಎರಡು ಚಿಮುಕು ಹೆಚ್ಚಾಗಿಯೇ ಹಾಕಿದರು.

ವರ್ಷವನ್ನು ಇಲ್ಲಿ ಬರೆಯುವುದಿಲ್ಲ. ನೆನಪಿಟ್ಟುಕೊಳ್ಳುತ್ತೇನೆ.